ಗೊನೆ ಹೊತ್ತವರ ಓಣಂ

ಎರ್ನಾಕುಳಂ
೧೮ ಜನವರಿ ೧೯೭೦

ಯಜ್ಞನಾರಾಯಣರಿಗೆ,

ಕೊಡುತ್ತೇವೆಂದು ಹೇಳಿದ್ದು: ಹಲಸಿನ ಮರದ ಬುಡದಲ್ಲಿ ನನ್ನ ಅಮ್ಮನಿಗೆ ಸಾಯುವವರೆಗೆ ಜಾಗ. ಗುಡಿಸಲಿಗೆ ಹೆಂಚು. ಬಾವಿಯ ನೀರು. ನನಗೆ ಕಾಲೇಜು. ನನ್ನ ಅಪ್ಪ ಸತ್ತ ವರ್ಷ ನಿಮ್ಮ ತಂದೆ ವೆಂಕಟೇಶರಾಯರು ಜಗಲಿಯಲ್ಲಿ ನಿಂತು, ನಾಲ್ಕು ಜನ ಕೇಳುವಂತೆ ಹೇಳಿದ್ದು.

ಕೊಡದೆ ಹೋದದ್ದು: ಹೆಂಚು ಬರಲಿಲ್ಲ. ಬಾವಿಗೆ ನಮ್ಮ ಕೊಡ ಇಳಿಯಲಿಲ್ಲ. ನಿಮ್ಮ ಮನೆಯವರು ಸೇದಿ ಮೇಲಿಂದ ಸುರಿಯುವವರೆಗೆ ಅಮ್ಮ ಕಟ್ಟೆಯ ಕೆಳಗೆ ಕಾಯಬೇಕಿತ್ತು. ನನ್ನ ಕಾಲೇಜು ಹತ್ತನೇ ಕ್ಲಾಸಿಗೇ ಮುಗಿಯಿತು. ಉಳಿದದ್ದು ಆ ಜಾಗ ಒಂದು. ಈಗ ಅದೂ ಇಲ್ಲ ಅನ್ನುತ್ತಿದ್ದೀರಿ.

ಯಾರಿವಳು ಎಂದು ಯೋಚಿಸುತ್ತಿದ್ದೀರಾ? ನಿಮ್ಮ ಹಿತ್ತಿಲಿನ ಕಮಲನ ಮಗಳು ದಾಕ್ಷಾಯಣಿ. ನಿಮ್ಮ ಹಸುವಿನ ಸಗಣಿ ಬಾಚಿದವಳು, ಈಗ ಎರ್ನಾಕುಳಂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ನಿಮಗೆ ಟ್ರಂಕ್ ಕಾಲ್ ಹಾಕುವುದು ನನಗೆ ಕಷ್ಟವಲ್ಲ. ಆದರೆ ಫೋನಿನಲ್ಲಿ ಹೇಳಿದ್ದನ್ನು 'ಸರಿಯಾಗಿ ಕೇಳಿಸಲಿಲ್ಲ' ಅನ್ನಬಹುದು. ಕಾಗದದಲ್ಲಿ ಬರೆದದ್ದಕ್ಕೆ ಆ ನೆಪವಿಲ್ಲ.

ನಿಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆ ಓದಿದೆ. 'ಬದುಕನ್ನು ಸವಿಯುವ ಮಲಯಾಳಿ' ಅಂತ ನಿಮ್ಮ ಲೇಖನ. ಗೇಣಿಯ ಹಕ್ಕು ಮಾರಿಯಾದರೂ ಓಣಂ ಉಣ್ಣಬೇಕು ಎನ್ನುವ ಆ ಮಲಯಾಳ ಮಾತು ಇಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಹಿಡಿದುಕೊಂಡು ಎಂಟು ಪುಟ ಕುಣಿದಿದ್ದೀರಿ. 'ನಾಳೆಯ ಚಿಂತೆಯಿಲ್ಲದ ಜನ' ಎಂದಿದ್ದೀರಿ. ಉದಾಹರಣೆಗೆ ಯಾರೂ ಸಿಗದೆ ನನ್ನ ಅಮ್ಮನನ್ನೇ ತಂದು ನಿಲ್ಲಿಸಿದ್ದೀರಿ: 'ಹಲಸಿನ ಮರದಡಿ ನಮ್ಮ ಕಮಲನ ಪುಟ್ಟ ಗುಡಿಸಲು. ಗರಿಯ ಮಾಡಿನಿಂದ ಏಳುವ ಹೊಗೆ. ಸುತ್ತ ಅವಳೇ ನೆಟ್ಟ ನೇಂದ್ರ ಬಾಳೆ. ಓಣಂ ಬಂತೆಂದರೆ ಹಣ್ಣಿನ ಗೊನೆ ತಲೆಯ ಮೇಲೆ ಹೊತ್ತು ನಗುತ್ತಾ ನಮ್ಮ ಜಗಲಿಗೆ ಬರುವಳು. ಅಪ್ಪ ಹೊಸ ಸೀರೆ ಕೊಡುವರು.'

ಸಂಚಿಕೆ ಬಂದ ತಿಂಗಳೇ ಜಮೀನು ಟ್ರಿಬ್ಯೂನಲಿಗೆ ನಿಮ್ಮ ಹೇಳಿಕೆ ಹೋಗಿದೆ: ಹಲಸಿನ ಮರದಡಿ ವಾಸದ ಮನೆ ಇಲ್ಲ, ಇರುವುದು ಸೌದೆ ಕೊಟ್ಟಿಗೆ.

ಯಾವ ಯಜ್ಞನಾರಾಯಣರನ್ನು ನಂಬಲಿ? ಗುಡಿಸಲಿನ ಹೊಗೆ ಕಂಡವರನ್ನೋ, ಸೌದೆ ಕಂಡವರನ್ನೋ?

ಹೊಸ ವರ್ಷದ ದಿನದಿಂದ ಕಾನೂನು ಬದಲಾಗಿದೆ. ಬೇರೆಯವರ ನೆಲದಲ್ಲಿ ಗುಡಿಸಲು ಕಟ್ಟಿಕೊಂಡು ಬದುಕಿದವರಿಗೆ ಅದರ ಸುತ್ತ ಹತ್ತು ಸೆಂಟ್ ನೆಲದ ಹಕ್ಕುಂಟು. ಎಡಪ್ಪಳ್ಳಿ ದಾಟಿ ನಮ್ಮ ಪಂಚಾಯತಿನಲ್ಲಿ ಎಲ್ಲ ಗುಡಿಸಲಿನವರೂ ಆವತ್ತು ಬೇಲಿ ಕಟ್ಟಿದರು. ಅಮ್ಮನೂ ಕಟ್ಟಿದಳು. ನೀವು ಹಿತ್ತಿಲು ಸಮೇತ ಮನೆಯನ್ನು ಕಾಂಟ್ರಾಕ್ಟರಿಗೆ ಮಾರಲು ಹೊರಟದ್ದು ನಮಗೆ ಗೊತ್ತು. ಮಾರಿ. ಹತ್ತು ಸೆಂಟ್ ಬಿಟ್ಟು ಮಾರಿ. ಹೇಳಿಕೆ ಹಿಂದೆ ತೆಗೆದುಕೊಳ್ಳಿ.

ದಾಕ್ಷಾಯಣಿ


ತಿರುವನಂತಪುರ
೨ ಫೆಬ್ರವರಿ ೧೯೭೦

ಪ್ರಿಯ ದಾಕ್ಷಾ,

ಆಫೀಸಿನಲ್ಲಿ ಆಡಿಟ್ ನಡೆಯುತ್ತಿದ್ದುದರಿಂದ ಉತ್ತರ ತಡವಾಯಿತು. ನಿನ್ನ ಪತ್ರ ನೋಡಿ ನನ್ನ ಹೆಂಡತಿ ಅನಸೂಯಾ, 'ಯಾರ್ರೀ ಇದು, ಇಷ್ಟು ಜೋರು?' ಎಂದಳು. ನಮ್ಮ ಮನೆಮಗಳು ಎಂದೆ. ಯಜ್ಞಣ್ಣ ಎಂದು ಕರೆಯುತ್ತಿದ್ದವಳು ನೀನು. ಯಜ್ಞನಾರಾಯಣರಿಗೆ ಎಂದು ಬರೆದದ್ದು ನೋವಾಯಿತು.

ಲೇಖನವನ್ನು ನೀನು ತಪ್ಪಾಗಿ ಓದಿದ್ದೀ. ಆ ಮಾತಿನ ಮೂಲ ಹುಡುಕಲು ನಾನು ಆರು ತಿಂಗಳು ಲೈಬ್ರರಿಗೆ ಅಲೆದಿದ್ದೇನೆ. ಅದರಲ್ಲಿ ಬರುವ ಹಕ್ಕು ಒಡೆಯನಿಗೆ ಮುಂಗಡ ಕೊಟ್ಟು ಪಡೆಯುತ್ತಿದ್ದ ಗೇಣಿ. ಕರ್ಕಾಟಕ ಮಾಸದ ಮಳೆ, ಹಸಿವು ಕಳೆದು ಓಣಂ ತರುವ ಚಿಂಗಂ ತಿಂಗಳು ಬಂದಾಗ ಮನುಷ್ಯನಿಗೆ ಒಂದು ದಿನವಾದರೂ ರಾಜನಂತೆ ಉಣ್ಣಬೇಕೆನಿಸುತ್ತದೆ. ಆ ಒಂದು ದಿನಕ್ಕಾಗಿ ಅವನು ಏನನ್ನೂ ಬಿಡಬಲ್ಲ. ಇದರಲ್ಲಿ ದೊಡ್ಡ ತತ್ತ್ವವಿದೆ. ನಾವು ಕನ್ನಡದವರು ಕೂಡಿಡುವುದರಲ್ಲೇ ಮುಗಿಯುತ್ತೇವೆ, ಇವರು ಬದುಕುತ್ತಾರೆ. ನಾನು ಬರೆದದ್ದು ಇಷ್ಟೆ. ಅದಕ್ಕೆ ನಿನ್ನ ಯೂನಿಯನ್ ಬಣ್ಣ ಯಾಕೆ?

ಟ್ರಿಬ್ಯೂನಲಿನ ಹೇಳಿಕೆ ವಕೀಲರು ಬರೆದದ್ದು. ಸಹಿ ಮಾತ್ರ ನನ್ನದು. ಇಂಥ ಕಾಗದಗಳಿಗೆ ಅವುಗಳದೇ ಭಾಷೆ ಇರುತ್ತದೆ.

ಕಮಲನನ್ನು ಬೀದಿಗೆ ಬಿಡುವವನು ನಾನಲ್ಲ. ಇಲ್ಲಿಗೆ ಬರಲಿ. ಅಡಿಗೆಮನೆಯ ಹಿಂದೆ ಒಂದು ಕೋಣೆ ಖಾಲಿಯಿದೆ. ಅಮ್ಮನಿಗೂ ಜೊತೆಯಾಗುತ್ತದೆ, ಮಗ ಶ್ರೀಪತಿ ಅಜ್ಜಿಗೆ ಮಲಯಾಳದಲ್ಲೇ ಉತ್ತರ ಕೊಡುತ್ತಾನೆ, ಅವರಿಗೆ ಕನ್ನಡ ಮಾತನಾಡುವವರು ಬೇಕು. ಪ್ರತಿ ಓಣಂಗೆ ಊಟ, ಸೀರೆ ಮೊದಲಿನ ಹಾಗೆಯೇ. ಕಮಲ ನಮ್ಮ ಮನೆಯವಳೇ ಅಲ್ಲವೇ?

ನಿನ್ನ
ಯಜ್ಞಣ್ಣ


ಎರ್ನಾಕುಳಂ
೨೫ ಫೆಬ್ರವರಿ ೧೯೭೦

ಯಜ್ಞನಾರಾಯಣರಿಗೆ,

ನಿಮ್ಮ ಮನೆಯವಳು! ನಿಮ್ಮ ಮನೆಯವಳಾದರೆ ಅವಳ ಎಲೆ ಹಿಂದಿನ ಜಗಲಿಯಲ್ಲಿ ಯಾಕೆ ಬೀಳುತ್ತಿತ್ತು? ಮೂರು ವರ್ಷದ ಪೋರ ನೀವು, 'ಕಮಲಾ, ಬಾ ಇಲ್ಲಿ' ಎಂದು ಕೂಗುತ್ತಿದ್ದಿರಿ. ನಿಮ್ಮ ಅಮ್ಮನ ವಯಸ್ಸಿನವಳು ಓಡಿ ಬರುತ್ತಿದ್ದಳು. ಮೊನ್ನೆಯ ಪತ್ರದಲ್ಲೂ 'ಕಮಲ'. ಕೂದಲು ನೆರೆತರೂ ನಿಮ್ಮ ಬಾಯಲ್ಲಿ ಒಂದು 'ಅಕ್ಕ' ಹುಟ್ಟಲಿಲ್ಲ.

ಮನೆಯವಳು ಎನ್ನುವ ಮಾತಿನ ಕೆಲಸ ನನಗೀಗ ಅರ್ಥವಾಯಿತು. ಕೂಲಿ ಕೇಳಿದರೆ ಮನೆಯವಳು. ನೆಲ ಕೇಳಿದರೆ ಮನೆಯವಳು. ಉಣ್ಣಲು ಕೂತಾಗ ಮಾತ್ರ ಅಲ್ಲ.

ನೀವು ಆ ಮಾತಿನ ಮೂಲವನ್ನು ಲೈಬ್ರರಿಯಲ್ಲಿ ಹುಡುಕಿದಿರಿ. ನಾನು ಗುಡಿಸಲಿನವರ ಸಭೆಯಲ್ಲಿ ಕೇಳಿದೆ. ಹಳಬರು ನಕ್ಕರು. ಒಬ್ಬ ಮುದುಕ ಮಗಳನ್ನು ಕರೆದ ಹಾಗೆ ಕರೆದು ಹೇಳಿದ: "ಮೋಳೇ, ಓಣಂಗೆ ಒಡೆಯನ ಮನೆಗೆ ಕಾಣಿಕೆ ಗೊನೆ ಹೋಗಲೇಬೇಕಿತ್ತು. ಗೊನೆ ಇಲ್ಲದಿದ್ದರೆ ಮುಂದಿನ ವರ್ಷ ಗೇಣಿ ಇಲ್ಲ. ಇದ್ದದ್ದನ್ನು ಮಾರಿಯೇ ಹಬ್ಬ ಮಾಡ್ತಿದ್ದೆವು. ಅದು ಕುಣಿತ ಅಲ್ಲ, ಹೆದರಿಕೆ." ಆ ಮಾತು ಮೊದಲು ಹುಟ್ಟಿದ್ದು ಅಲ್ಲಿಯೇ ಎಂದು ನಾನು ವಾದಿಸುವುದಿಲ್ಲ. ಯಾರ ಬಾಯಲ್ಲಿ ಹುಟ್ಟಿತೋ ಯಾರಿಗೆ ಗೊತ್ತು? ಆದರೆ ಅದನ್ನು ಚಪ್ಪರಿಸುತ್ತಾ ಹೇಳುವವರು ಯಾರು ಎಂದು ಗೊತ್ತು. ಮಾರಿದವನಲ್ಲ. ಕೊಂಡವನು.

ನಿಮ್ಮ ತಂದೆ ಬ್ಯಾಂಕಿನ ವರ್ಗದ ಮೇಲೆ ಕುಂಬಳೆ ಕಡೆಯಿಂದ ಬಂದವರು. ತಲೆಮಾರಿನ ಜಮೀನ್ದಾರರೇನಲ್ಲ. ಒಂದು ಹಿತ್ತಿಲು ಕೊಂಡದ್ದೇ ತಡ, ಇಲ್ಲಿಯ ಒಡೆಯರನ್ನು ನೋಡಿ ಓಣಂ ದಿನ ಜಗಲಿಯಲ್ಲಿ ಕುರ್ಚಿ ಹಾಕಿ ಕೂತರು. ಊರಿನಿಂದ ಕರೆತಂದ ಒಬ್ಬಳೇ ಹೆಂಗಸು ಅವರಿಗೆ ಇಡೀ ಪ್ರಜೆ. ಅವಳ ಒಂದು ಗೊನೆಯಿಂದಲೇ ಅವರು ರಾಜರಾದರು. ಆ ವೇಷವನ್ನೇ ನೀವು ಈಗ ಸಂಸ್ಕೃತಿ ಎಂದು ಅಚ್ಚು ಹಾಕಿಸಿದ್ದೀರಿ.

ಇನ್ನೊಂದು ಸುದ್ದಿ. ಮೊನ್ನೆ ಬೆಳಿಗ್ಗೆ ನಿಮ್ಮ ಕಾಂಟ್ರಾಕ್ಟರಿನ ಆಳುಗಳು ಬಂದು ಬೇಲಿ ಕಿತ್ತರು. ಬಾಳೆ ಗಿಡ ಕಡಿದರು. ಅಮ್ಮ ಕತ್ತಿ ಹಿಡಿದು ಬಾಗಿಲಲ್ಲಿ ನಿಂತಳಂತೆ. "ಎಂದಾ ಅಮ್ಮಚ್ಚೀ, ವೆಟ್ಟುಮೋ?" ಕಡಿಯುತ್ತೀಯಾ ಎಂದು ಒಬ್ಬ ಅಣಕಿಸಿದ. "ಒಳಗೆ ಕಾಲಿಡು, ಹೇಳ್ತೇನೆ" ಎಂದಳಂತೆ ಅಚ್ಚ ಕನ್ನಡದಲ್ಲಿ. ಅವನಿಗೆ ಭಾಷೆ ತಿಳಿಯಲಿಲ್ಲ, ಅರ್ಥ ತಿಳಿಯಿತು. ಕಾಲಿಡಲಿಲ್ಲ.

ಅದೇ ಮಧ್ಯಾಹ್ನ ನೀವು ಆ ಕಾಂಟ್ರಾಕ್ಟರಿಗೆ ಟ್ರಂಕ್ ಕಾಲ್ ಮಾಡಿದಿರಿ. ಜೋಡಿಸಿದವಳು ನಾನು. "ಥ್ಯಾಂಕ್ಯೂ ಸಿಸ್ಟರ್" ಎಂದಿರಿ. ಮನೆಮಗಳ ದನಿ ಗುರುತು ಸಿಗಲಿಲ್ಲ. ನಾನು ನಿಮ್ಮ ಮಾತು ಕದ್ದು ಕೇಳಲಿಲ್ಲ. ನನ್ನ ಕೆಲಸಕ್ಕೆ ನೀತಿಯಿದೆ. ಆದರೆ ಆ ತಂತಿಯನ್ನು ಕಿತ್ತೆಸೆಯದೆ ಕೂತದ್ದು ನನ್ನ ಜೀವನದ ದೊಡ್ಡ ಸಂಯಮ ಎಂದು ತಿಳಿದುಕೊಳ್ಳಿ.

ಅಡಿಗೆಮನೆಯ ಹಿಂದಿನ ಕೋಣೆ ನಿಮಗೇ ಇರಲಿ.

ದಾಕ್ಷಾಯಣಿ


ತಿರುವನಂತಪುರ
೧೧ ಮೇ ೧೯೭೦

ದಾಕ್ಷಾ,

ಬೇಲಿ ಕೀಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಂಬುವುದು ಬಿಡುವುದು ನಿನ್ನಿಷ್ಟ. ಆವತ್ತು ಫೋನಿನಲ್ಲಿ ನಾನು ಕೇಳಿದ್ದು ಅಳತೆಯ ವಿಷಯ.

ಹೋದ ಶನಿವಾರ ಎಡಪ್ಪಳ್ಳಿಗೆ ಬಂದಿದ್ದೆ. ಮನೆಯ ಬೀಗ ತೆಗೆಯಲಿಲ್ಲ. ರಸ್ತೆಯಾಚೆ ಚಹದಂಗಡಿಯಲ್ಲಿ ಕೂತಿದ್ದೆ. ಕಮಲ ಮತ್ತೆ ಬೇಲಿ ಕಟ್ಟುತ್ತಿದ್ದಳು. ಒಬ್ಬಳೇ. ಗೂಟವನ್ನು ಕಲ್ಲಿನಿಂದ ಗುದ್ದುವುದು, ನಿಂತು ಸೊಂಟ ಹಿಡಿದುಕೊಳ್ಳುವುದು, ಮತ್ತೆ ಗುದ್ದುವುದು. ಎರಡು ಗ್ಲಾಸ್ ಚಹ ಕುಡಿದೆ. ಹೋಗಿ ಮಾತನಾಡಬೇಕೆಂದಿದ್ದೆ. ಬಸ್ಸು ಬಂತು.

ವಿಚಾರಣೆ ಮುಂದೆ ಹೋಗಿದೆಯಂತೆ. ಅಷ್ಟರೊಳಗೆ ರಾಜಿಯಾದರೆ ಎಲ್ಲರಿಗೂ ಒಳ್ಳೆಯದು.

ಯಜ್ಞ


ಎಡಪ್ಪಳ್ಳಿ
೧೯ ಜುಲೈ ೧೯೭೦

ಯಜ್ಞ ಮಗನಿಗೆ ಕಮಲ ಹೇಳಿ ಬರೆಸುವುದು. ಬರೆಯುವವಳು ದಾಕ್ಷಾ. ನಾನು ಹೇಳಿದ ಹಾಗೆಯೇ ಬರೆಯಬೇಕು, ನಿನ್ನ ಭಾಷಣ ಎಲ್ಲ ಸೇರಿಸಬಾರದು ಅಂತ ಆಣೆ ಹಾಕಿಸಿದ್ದೇನೆ.

ಸೌಖ್ಯವಾ? ನಿನ್ನ ಮಂಡೆನೋವು ಈಗಲೂ ಉಂಟಾ? ಇಲ್ಲಿ ಎಂತ ಮಳೆ ಮಾರಾಯ, ಮಾಡು ಮೂರು ಕಡೆ ಸೋರ್ತದೆ. ನೀನು ಚಹದಂಗಡಿಯಲ್ಲಿ ಕೂತದ್ದು ನಾನು ಆವತ್ತೇ ಕಂಡಿದ್ದೆ. ಹತ್ತಿರ ಬರ್ತಿ ಅಂತ ಕಾದೆ. ಬರಲಿಲ್ಲ. ಇರಲಿ. ಒಂದು ಗೂಟ ಹಿಡಿದುಕೊಳ್ಳಲಿಕ್ಕೆ ಜನ ಸಿಕ್ಕಿದ್ದರೆ ನನಗೆ ಸುಲಭ ಆಗ್ತಿತ್ತು, ಅಷ್ಟೆ.

ನೀನು ಪುಸ್ತಕದಲ್ಲಿ ಬರೆದದ್ದನ್ನು ಇವಳು ಓದಿ ಹೇಳಿದಳು. ಹಲ್ಲು ಕಡಿದುಕೊಂಡು ಓದಿದಳು. ನನಗೆ ಚಂದವೇ ಕಂಡಿತು. ನಿನ್ನ ಅಮ್ಮ ಕೌಸಲ್ಯಮ್ಮನ ಪಾಯಸ ಅಂದರೆ ಪಾಯಸ, ಅದರಲ್ಲಿ ಸುಳ್ಳೇನಿಲ್ಲ. ಹಿಂದಿನ ಜಗಲಿಯಲ್ಲಿ ಕೂತು ಉಂಡರೂ ನನಗೆ ಖುಷಿ ಆಗ್ತಿತ್ತು. ಇವಳಿಗೆ ಅದೇ ಸಿಟ್ಟು, ಅಮ್ಮ ಖುಷಿಪಟ್ಟದ್ದು ಯಾಕೆ ಅಂತ. ಆ ಖುಷಿ ನನ್ನ ಸ್ವಂತದ್ದು ಮಗಾ. ಅದನ್ನು ರಾಯರೂ ಕೊಟ್ಟದ್ದಲ್ಲ, ಇವಳ ಯೂನಿಯನ್ನೂ ಕೊಟ್ಟದ್ದಲ್ಲ.

ಆದರೆ ಒಂದು ವಿಷಯ ನೀನು ಬರೆಯಲಿಲ್ಲ. ನಿನಗೆ ಗೊತ್ತೇ ಇಲ್ಲ, ಎಲ್ಲಿಂದ ಬರೀತಿ? ನಿನ್ನ ಉಪನಯನ ಆದ ವರ್ಷ ಗಾಳಿಗೆ ನನ್ನ ಬಾಳೆ ಎಲ್ಲ ಅಡ್ಡ ಬಿತ್ತು. ಓಣಂಗೆ ಗೊನೆ ಇಲ್ಲ. ಗೊನೆ ಇಲ್ಲದೆ ಜಗಲಿಗೆ ಹೋದರೆ ರಾಯರು ಎಂತ ಹೇಳ್ತಿದ್ದರೋ. ಏನೂ ಹೇಳ್ತಿರಲಿಲ್ಲವೋ ಏನೋ. ಆದರೆ ಗುಡಿಸಲು ಅವರ ನೆಲದಲ್ಲಿ ಉಂಟಲ್ಲ, ಹೆದರಿಕೆ ನನಗೆ. ಮೂಗುತಿ ಮಾರಿದೆ. ಸಂತೆಯಲ್ಲಿ ಗೊನೆ ತೆಗೆದು, ನಮ್ಮದೇ ಗಿಡದ್ದು ಅಂತ ಹೇಳಿ ತಂದಿಟ್ಟೆ. "ಈ ಸಲ ಗೊನೆ ಜೋರಾಗಿದೆ ಕಮಲಾ" ಅಂದರು. ನಾನು ನಕ್ಕೆ. ನೀನು ಬರೆದಿದ್ದಿಯಲ್ಲ, ನಗ್ತಾ ಬರ್ತಿದ್ದಳು ಅಂತ, ಅದೇ ನಗು. ಆ ವರ್ಷ ಪಾಯಸ ಮಾತ್ರ ಎಲೆಯಲ್ಲೇ ಬಿಟ್ಟು ಎದ್ದೆ.

ಆ ಮಾತಿನ ಮೂಲ ಎಲ್ಲಿ ಅಂತ ಆರು ತಿಂಗಳು ಹುಡುಕಿದ್ದಿಯಂತೆ. ನನ್ನ ಮೂಗು ನೋಡಿದ್ದರೆ ಆಗ್ತಿತ್ತು. ತೂತು ಈಗಲೂ ಉಂಟು.

ಮತ್ತೊಂದು. ನನ್ನ ಮನೆಯನ್ನು ಸೌದೆ ಕೊಟ್ಟಿಗೆ ಅಂತ ಬರೆದು ಕೊಟ್ಟಿದ್ದಿಯಂತೆ. ಮಗಾ, ಸಣ್ಣವನಿರುವಾಗ ಕೌಸಲ್ಯಮ್ಮ ಮಧ್ಯಾಹ್ನ ಮಲಗಿದ ಹೊತ್ತು ನೋಡಿ ಓಡಿ ಬಂದು, ನನ್ನ ಚಾಪೆಯಲ್ಲಿ ಕೂತು, ಗಂಜಿಗೆ ಒಣಮೀನಿನ ಚಟ್ನಿ ಹಾಕಿಸಿಕೊಂಡು ತಿಂತಿದ್ದೆಯಲ್ಲ. ವಾಸನೆ ಹೋಗಲಿಕ್ಕೆ ಪೇರಳೆ ಎಲೆ ಜಗಿದು ಹೋಗ್ತಿದ್ದೆ. ಆಗ ಎಲ್ಲಿ ಕೂತಿದ್ದೆ? ಸೌದೆಯ ಮೇಲೆಯಾ?

ಇದನ್ನು ನಾನು ಈವರೆಗೆ ಯಾರಿಗೂ ಹೇಳಿದವಳಲ್ಲ. ಈಗ ಇವಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡ್ತಾ ಕೂತಿದ್ದಾಳೆ. ಬರಿ ಬರಿ ಅಂತ ಬೈದೆ. ಟ್ರಿಬ್ಯೂನಲಿನಲ್ಲಿ ನಾನು ಇದನ್ನು ಹೇಳುವುದಿಲ್ಲ. ಇವಳೂ ಹೇಳಬಾರದು ಅಂತ ಮಾತು ತೆಗೆದುಕೊಂಡಿದ್ದೇನೆ. ನೆಲ ಹೋದರೂ ಹೇಳುವುದಿಲ್ಲ. ನೀನು ಅಲ್ಲಿ ಬಂದು ಎಂತ ಹೇಳ್ತಿ ಅದು ನಿನಗೆ ಬಿಟ್ಟದ್ದು.

ಕಡಿದ ಬಾಳೆ ಬುಡದಲ್ಲೇ ಚಿಗುರಿದೆ. ಒಂದು ಗಿಡ ಆಚೆ ಬೇಲಿ ಮೂಲೆಯಲ್ಲಿ ಇತ್ತು, ಅವರ ಕತ್ತಿಗೆ ಸಿಗಲಿಲ್ಲ. ಅದರಲ್ಲಿ ಗೊನೆ ಬಿಟ್ಟಿದೆ. ಈ ಓಣಂಗೆ ಅದು ಎಲ್ಲಿಗೂ ಹೋಗುವುದಿಲ್ಲ.

ಕಮಲ (ಹೆಬ್ಬೆಟ್ಟು)

ಹೇಳಿದ ಹಾಗೆಯೇ ಬರೆದಿದ್ದೇನೆ. ಒಂದು ಮಾತೂ ಸೇರಿಸಿಲ್ಲ. — ದಾ.


ತಿರುವನಂತಪುರ
೨೦ ಆಗಸ್ಟ್ ೧೯೭೦

ದಾಕ್ಷಾಯಣಿ,

ಬುಧವಾರದ ವಿಚಾರಣೆಗೆ ನಾನೇ ಬರುತ್ತೇನೆ. ವಕೀಲರನ್ನು ಬೇಡ ಎಂದಿದ್ದೇನೆ. ಕಾಂಟ್ರಾಕ್ಟರಿಗೆ ತಿಳಿಸಿದೆ, ಬೈದ. ಅಮ್ಮ ಮೂರು ದಿನದಿಂದ ನನ್ನೊಡನೆ ಮಾತನಾಡುತ್ತಿಲ್ಲ. ಹಿತ್ತಿಲಿನ ಕಾರಣಕ್ಕಲ್ಲ. ಕಮಲಕ್ಕನ ಪತ್ರವನ್ನು ಅವರಿಗೆ ಪೂರ್ತಿ ಓದಿ ಹೇಳಿದೆ. ಒಣಮೀನಿನ ಭಾಗವನ್ನೂ.

ಕಮಲಕ್ಕ ಓಣಂಗೆ ಕರೆಯುತ್ತಾರೇನೋ ಎಂದು ಹೆದರಿಕೆ. ಕರೆಯಬೇಡಿ. ನಾನು ಅಲ್ಲಿ ಉಂಡು ಬಂದೆನೆಂದರೆ ಅಮ್ಮ ಆ ದಿನ ಎಲೆ ಮುಟ್ಟುವುದಿಲ್ಲ. ಅವರಿಗೆ ವಯಸ್ಸಾಗಿದೆ. ಪಾಯಸ ಬೇಕಾದರೆ ಒಂದು ಡಬ್ಬಿಯಲ್ಲಿ ಹಾಕಿ ಬಸ್ ಸ್ಟ್ಯಾಂಡಿಗೆ ಕಳಿಸು. ಇಳಿದು ತೆಗೆದುಕೊಳ್ಳುತ್ತೇನೆ.

ಯಜ್ಞನಾರಾಯಣ


ಎರ್ನಾಕುಳಂ
೨೯ ಆಗಸ್ಟ್ ೧೯೭೦

ಯಜ್ಞನಾರಾಯಣರಿಗೆ,

ಬುಧವಾರ ನೀವು ಬಂದಿರಿ. ಬರುವುದಿಲ್ಲ ಎಂದು ನಾನು ಎಕ್ಸ್‌ಚೇಂಜಿನಲ್ಲಿ ಪ್ರೇಮಳ ಹತ್ತಿರ ಒಂದು ಚಹ ಪಂಥ ಕಟ್ಟಿದ್ದೆ. ಸೋತೆ. ಅಧಿಕಾರಿ ಕೇಳಿದಾಗ ನೀವು ಹೇಳಿದ್ದು ಇಷ್ಟೆ: "ಅದು ಮನೆ. ಅಪ್ಪ ಜಾಗ ಕೊಟ್ಟದ್ದು ಸತ್ಯ. ಅಲ್ಲಿ ಒಲೆ ಉರಿಯುವುದನ್ನು ನಾನು ಹುಟ್ಟಿದಂದಿನಿಂದ ಕಂಡಿದ್ದೇನೆ." ಸೌದೆ ಕೊಟ್ಟಿಗೆ ಎಂದು ಬರೆದದ್ದು ಯಾಕೆ ಎಂದು ಕೇಳಿದರು. "ಸುಳ್ಳು ಬರೆದೆ" ಎಂದಿರಿ. ಅಮ್ಮ ನನ್ನ ಮೊಣಕೈ ಚಿವುಟಿದಳು. ಇನ್ನೂ ಕೆಂಪಗಿದೆ.

ಇದಕ್ಕೆ ನಾನು ಉಪಕಾರ ಸ್ಮರಿಸುವುದಿಲ್ಲ. ಸುಳ್ಳು ಹೇಳಿ ಏಳು ತಿಂಗಳು ಒಬ್ಬ ಮುದುಕಿಯನ್ನು ಮಳೆಯಲ್ಲಿ ನೆನೆಸಿ, ಕೊನೆಗೆ ನಿಜ ಹೇಳಿದವರಿಗೆ ಹಾರ ಹಾಕುವ ಪದ್ಧತಿ ನಮ್ಮ ಯೂನಿಯನ್ನಿನಲ್ಲಿಲ್ಲ. ತೀರ್ಪಿನ ಕಾಗದ ಇನ್ನೂ ಬರಬೇಕು. ಬರುವವರೆಗೆ ಬೇಲಿ ಕಾಯುತ್ತೇವೆ. ಆಳುಗಳನ್ನು ಮತ್ತೆ ಕಳಿಸಬೇಡ ಎಂದು ನಿಮ್ಮ ಕಾಂಟ್ರಾಕ್ಟರಿಗೆ ಹೇಳಿ. ಟ್ರಂಕ್ ಕಾಲ್ ಬೇಕಾದರೆ ನಾನೇ ಜೋಡಿಸುತ್ತೇನೆ.

ಈಗ ಡಬ್ಬಿಯ ವಿಷಯ.

ಅಮ್ಮನಿಗೆ ನಿಮ್ಮ ಪತ್ರ ಓದಿದೆ. ಕೌಸಲ್ಯಮ್ಮ ಎಲೆ ಮುಟ್ಟುವುದಿಲ್ಲ ಎಂದಾಗ "ಪಾಪ" ಎಂದಳು. ಬಸ್ ಸ್ಟ್ಯಾಂಡಿಗೆ ಡಬ್ಬಿ ಎಂದಾಗ ಎದ್ದು ಹೋಗಿ ಹಸುವಿನ ಹುಲ್ಲು ಕೊಯ್ದು ಬಂದಳು. ಬಂದವಳು ಹೇಳಿದಳು: "ಕದ್ದು ತಿನ್ನುವ ಪ್ರಾಯ ಅವನಿಗೆ ಮುಗಿದಿದೆ ಅಂತ ಬರಿ." ಬರೆದಿದ್ದೇನೆ.

ನನ್ನದೂ ಒಂದು ಸೇರಿಸುತ್ತೇನೆ. ಈ ಸಲ ಆಣೆ ಇಲ್ಲ. ಸುಖಪಡುವುದರ ಬಗ್ಗೆ ಎಂಟು ಪುಟ ಬರೆದವರು ನೀವು. ಒಂದು ಹೊತ್ತಿನ ಊಟಕ್ಕೆ ಜನ ನೆಲವನ್ನೇ ಬಿಟ್ಟರು ಎಂದು ಕೈತಟ್ಟಿದವರು. ನಿಮ್ಮ ಸರದಿ ಬಂದಾಗ ಏನು ಬಿಡುತ್ತೀರಿ? ನೆಲ ಬಿಟ್ಟಿರಿ, ಅದು ಕಾನೂನಿನ ಭಯಕ್ಕೂ ಇರಬಹುದು. ಜಗಲಿ ಬಿಡುತ್ತೀರಾ? ಅಮ್ಮ ಬಡಿಸುವಳು, ನೀವು ಕೂರುವಿರಿ, ಊರು ನೋಡುವುದು. ತಿರುವನಂತಪುರಕ್ಕೆ ಹೋಗಿ, ಅಲ್ಲಿ ಉಂಡೆ ಎಂದು ನಿಮ್ಮ ಅಮ್ಮನಿಗೆ ಹೇಳುವಿರಿ. ಅಷ್ಟು ಮಾಡಿದ ಮೇಲೆ ಆ ಮಾತಿನ ಅರ್ಥದ ಬಗ್ಗೆ ಇನ್ನೊಂದು ಲೇಖನ ಬರೆಯಿರಿ. ಅದನ್ನು ನಾನು ಹಲ್ಲು ಕಡಿಯದೆ ಓದುತ್ತೇನೆ.

ಅಕ್ಕಿ ಬಂದಿದೆ. ಗೊನೆ ಇಳಿಸಿ ಒಳಗೆ ಹಗ್ಗಕ್ಕೆ ಕಟ್ಟಿದ್ದೇವೆ, ಹಣ್ಣಾಗುವ ವಾಸನೆ ಮನೆಯೆಲ್ಲ ತುಂಬಿದೆ. ಅಮ್ಮ ದಿನಕ್ಕೆ ನಾಲ್ಕು ಸಲ ಅದನ್ನು ಮುಟ್ಟಿ ನೋಡುತ್ತಾಳೆ. ಇಷ್ಟು ವರ್ಷದಲ್ಲಿ ತಾನೇ ನೆಟ್ಟ ಬಾಳೆಯ ಹಬ್ಬದ ಗೊನೆಯ ಮೊದಲ ಹಣ್ಣಿನ ರುಚಿ ಅವಳಿಗೆ ಗೊತ್ತಿಲ್ಲ. ಈ ಸಲ ಮೊದಲನೆಯದು ಅವಳದು. ಎರಡನೆಯದು ನಿಮಗೆ ಎಂದು ಇಟ್ಟಿದ್ದಾಳೆ. ನಾನು ಜಗಳವಾಡಿದೆ, ಕೇಳಲಿಲ್ಲ.

ಎಲೆ ಹಾಕುವುದು ಒಳಗೆ, ಅದೇ ಚಾಪೆಯ ಹತ್ತಿರ. ಎದುರಿನಿಂದಲೇ ಬರಬೇಕು, ನಮ್ಮ ಮನೆಗೆ ಹಿಂದಿನ ಬಾಗಿಲಿಲ್ಲ. ಪೇರಳೆ ಎಲೆ ಕೊಡುವುದಿಲ್ಲ.

ತಿರುವೋಣದ ದಿನ, ಮಧ್ಯಾಹ್ನ ಹನ್ನೆರಡೂವರೆಗೆ.

ದಾಕ್ಷಾಯಣಿ